ಇಬ್ಬರು ಮಲಗುವ ಟೆಂಟ್

“ಈ ಕಡ್ಡಿ ನಂಬ್ಕೊಂಡು ನನ್ನ ಮಗಳನ್ನ ಕಾಡಿಗೆ ಕಳಿಸ್ಬೇಕಾ?”

ಸಿದ್ದಬಸಪ್ಪ ಟೆಂಟಿನ ಕಂಬಿಯನ್ನು ಬಗ್ಗಿಸಿ ನೋಡಿ ಕೌಂಟರಿನ ಮೇಲೆ ಎಸೆದರು. ಅದು ಉರುಳಿ ಅಂಗಡಿಯವನ ಪಾದದ ಮೇಲೆ ಬಿತ್ತು.

ಅವನು ಬಗ್ಗಿ ಎತ್ತಿಕೊಂಡ. “ಬಗ್ಗುತ್ತೆ ಸಾರ್, ಮುರಿಯಲ್ಲ. ಸ್ವಲ್ಪ ನೋಡ್ಕೊಂಡು ಎಸೀರಿ.”

“ಏನಂದೆ?”

“ಕಾಲಿಗೆ ಬಿತ್ತು ಅಂದೆ.”

ಬಾಗಿಲಿಗೆ ಅಡ್ಡ ನಿಂತಿದ್ದ ರುದ್ರಮುನಿಗೆ ಒಳಗೊಳಗೇ ಖುಷಿಯಾಯಿತು. ಅಕ್ಕನ ಗಂಡ ಯಾರ ಮೇಲಾದರೂ ಹೀಗೆ ಹರಿಹಾಯ್ದಿದ್ದನ್ನು ಅವನು ಕಂಡೇ ಇರಲಿಲ್ಲ. ಭಾವನಿಗೂ ಬೆನ್ನುಮೂಳೆ ಇದೆ ಹಾಗಾದರೆ.

ಮುಂದಿನ ತಿಂಗಳು ಸಿದ್ದಬಸಪ್ಪನವರ ಮಗಳು ನಿಖಿತಾಳ ಮದುವೆ. ಹುಡುಗ ರುದ್ರಮುನಿಯ ಮಗ ಬಸವಕಿರಣ್. ಅವನಿಗೆ ಬೆಟ್ಟ ಹತ್ತುವ ಹುಚ್ಚು. ಮದುವೆಯಾದ ಮೇಲೆ ಹೊಸ ಜೋಡಿ ಕ್ಯಾಂಪಿಂಗ್ ಹೋಗಲಿ, ಬೇಕಾದ ಸಾಮಾನೆಲ್ಲ ತಾನೇ ಕೊಡಿಸುತ್ತೇನೆ ಎಂದಿದ್ದರು ಸಿದ್ದಬಸಪ್ಪ. ವಿಜಯನಗರದ ಈ ಅಂಗಡಿಗೆ ಮಗಳನ್ನು ಕರೆತಂದದ್ದು ಅದಕ್ಕೆ. ರುದ್ರಮುನಿಯನ್ನು ಯಾರೂ ಕರೆದಿರಲಿಲ್ಲ. ಅವನಾಗಿಯೇ ಕೆಂಗೇರಿ ಉಪನಗರದಿಂದ ಕಾರು ತಂದು, ಬಸವೇಶ್ವರನಗರದ ಅಕ್ಕನ ಮನೆಯ ಮುಂದೆ ಹಾರ್ನ್ ಹೊಡೆದಿದ್ದ.

ತಾನು ಬೇರೊಬ್ಬನನ್ನು ಇಷ್ಟಪಟ್ಟಿದ್ದೇನೆ ಎಂದು ನಿಖಿತಾ ಹೇಳಿದಂದಿನಿಂದ ಅವಳು ಹೊರಗೆ ಕಾಲಿಟ್ಟಾಗಲೆಲ್ಲ ಅವನು ಹಿಂದೆಯೇ ಇರುತ್ತಿದ್ದ. ಆ ಹುಡುಗ ಯಾರು ಎಂದು ಮಾತ್ರ ಅವಳು ಬಾಯಿಬಿಟ್ಟಿರಲಿಲ್ಲ. ಕೆನ್ನೆಗೆ ಹೊಡೆದರೂ ಹೇಳಲಿಲ್ಲ. ಅವಳ ಫೋನ್ ಈಗ ರುದ್ರಮುನಿಯ ಜೇಬಿನಲ್ಲಿತ್ತು. ಮಗಳ ಕೈಯಿಂದ ಕಿತ್ತು ಅದನ್ನು ತಮ್ಮನಿಗೆ ಒಪ್ಪಿಸಿದವಳು ಅಕ್ಕ ಕಲ್ಯಾಣಮ್ಮನೇ.

“ಆ ಹುಡುಗ ಸಿಕ್ಕಿದ ದಿನ ಅವನ ಕಾಲು ಮುರೀತೀನಿ” ಎಂದು ಅವನು ಊಟಕ್ಕೆ ಕೂತಾಗ ಹೇಳಿದ್ದ. ಯಾರೂ ತಮಾಷೆ ಎಂದುಕೊಳ್ಳಲಿಲ್ಲ. ಮನೆ ಖಾಲಿ ಮಾಡಲು ತಕರಾರು ತೆಗೆದ ಅವನ ಬಾಡಿಗೆದಾರನೊಬ್ಬ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಓಡಾಡಿದ್ದನ್ನು ಎಲ್ಲರೂ ನೋಡಿದ್ದರು.

“ಒಲೆ ತೋರ್ಸು” ಎಂದರು ಸಿದ್ದಬಸಪ್ಪ.

ಅಂಗಡಿಯವನು ಅಂಗೈಯಗಲದ ಗ್ಯಾಸ್ ಒಲೆ ಮುಂದಿಟ್ಟ.

“ಇದ್ರಲ್ಲಿ ಅಡುಗೆ ಯಾರು ಮಾಡ್ಬೇಕು? ಇವಳೇನಾ?”

“ಯಾರಾದ್ರೂ ಮಾಡ್ಬೋದು ಸಾರ್. ನಾನು ಹೋದಾಗ ನಾನೇ ಮಾಡ್ತೀನಿ.”

“ನಿನ್ನ ವಿಷಯ ಯಾರು ಕೇಳಿದ್ರು?”

“ಅಪ್ಪಾ, ಸಾಕು” ಎಂದಳು ನಿಖಿತಾ. ಅಂಗಡಿಯವನ ಕಡೆ ತಿರುಗಿ ಸಿಡುಕಿದಳು, “ನೀವೂ ಅಷ್ಟೇ. ಎದುರು ಮಾತಾಡ್ದೆ ತೋರ್ಸಿ.”

ಸಿದ್ದಬಸಪ್ಪ ಸುಮ್ಮನಾಗಲಿಲ್ಲ. ಮಲಗುವ ಚೀಲದ ಹೊಲಿಗೆ ಎಳೆದು ನೋಡಿದರು. ಟಾರ್ಚನ್ನು ಅಂಗಡಿಯವನ ಮುಖಕ್ಕೇ ಹಿಡಿದು ಹೊತ್ತಿಸಿದರು. ಅವನು ಕಣ್ಣು ಕಿರಿದು ಮಾಡಿದ, ಮುಖ ತಿರುಗಿಸಲಿಲ್ಲ.

“ಓದಿದೀಯೋ, ಇಲ್ಲ ಸೀದಾ ಟೆಂಟ್ ಮಾರೋಕೆ ಬಂದ್ಯೋ?”

“ಇಂಜಿನಿಯರಿಂಗ್ ಓದಿದೀನಿ. ಕಂಪನಿ ಕೆಲಸ ಬಿಟ್ಟು ಈ ಅಂಗಡಿ ಹಾಕ್ದೆ.”

“ಬಿಟ್ಟು ಬರೋದು ಅಭ್ಯಾಸನಾ ನಿಂಗೆ?”

“ಬಿಟ್ಟಿದ್ದು ಕೆಲಸ ಮಾತ್ರ ಸಾರ್.”

“ಗಾಳಿ ಮಳೆ ಜೋರಾದಾಗ ಈ ಟೆಂಟ್ ಕೈ ಕೊಟ್ರೆ? ಆಗ ನಿನ್ನ ಎಲ್ಲಿ ಅಂತ ಹುಡುಕ್ಲಿ?”

“ಹುಡುಕೋದು ಬೇಡ. ಇಲ್ಲೇ ಇರ್ತೀನಿ. ಬಂದು ಕತ್ತಿನ ಪಟ್ಟಿ ಹಿಡ್ಕೊಳ್ಳಿ.”

ಅಷ್ಟು ಕೇಳಿದ್ದೇ ರುದ್ರಮುನಿ ಎರಡೇ ಹೆಜ್ಜೆಗೆ ಬಂದು ಅವನ ಅಂಗಿಯ ಕಾಲರ್ ಹಿಡಿದ. “ಈಗ್ಲೇ ಹಿಡೀಲೇನೋ? ದೊಡ್ಡೋರ ಹತ್ರ ಹಿಂಗಾ ಮಾತಾಡೋದು?”

ಮೇಲಿನ ಗುಂಡಿ ಕಿತ್ತು ನೆಲಕ್ಕೆ ಬಿತ್ತು. ನಿಖಿತಾ ಗೋಡೆಗೆ ಒತ್ತಿಕೊಂಡಳು. ಅಂಗಡಿಯವನ ಮುಷ್ಟಿ ಬಿಗಿಯಾಯಿತು, ಆದರೆ ಮೇಲೇಳಲಿಲ್ಲ.

“ಬಿಡೋ ರುದ್ರಮುನಿ” ಎಂದರು ಸಿದ್ದಬಸಪ್ಪ. “ವ್ಯಾಪಾರ ಮಾಡ್ತಿರೋದು ನಾನು.”

ಹೊರಗಿನಿಂದ ಹೆಂಗಸಿನ ಕೂಗು ಕೇಳಿತು. “ಬಿಳಿ ಕಾರು ಯಾರ್ದ್ರೀ? ಗೇಟಿಗೆ ಅಡ್ಡ ನಿಲ್ಸಿದೀರಲ್ಲ, ನಾವು ಹೊರಗೆ ಬರೋದು ಬೇಡ್ವಾ? ಪೊಲೀಸ್‌ಗೆ ಫೋನ್ ಮಾಡ್ಲಾ?”

ರುದ್ರಮುನಿ ಕಾಲರ್ ಬಿಟ್ಟ. ಹೊರಗೆ ನೋಡಿದ, ನಿಖಿತಾಳನ್ನು ನೋಡಿದ.

“ತೆಗೆದು ಬಾ ಹೋಗು” ಎಂದರು ಸಿದ್ದಬಸಪ್ಪ. “ನಾನಿಲ್ವಾ? ಇವಳೆಲ್ಲಿ ಹೋಗ್ತಾಳೆ?”

ಬೇರೆ ದಿನವಾಗಿದ್ದರೆ ಆ ಮೆತ್ತನೆಯ ಮನುಷ್ಯನನ್ನು ಅವನು ನಂಬುತ್ತಿರಲಿಲ್ಲ. ಇವತ್ತು ನಂಬಿದ.

ಕಾರು ನಿಲ್ಲಿಸಲು ಜಾಗ ಸಿಗದೆ ಅಡ್ಡರಸ್ತೆಗಳನ್ನೆಲ್ಲ ಸುತ್ತಿ, ಬೈದುಕೊಳ್ಳುತ್ತಾ ಮರಳಿದಾಗ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿದ. ನಡುವೆ ನೀಲಿ ಟೆಂಟೊಂದು ಬಿಡಿಸಿ ನಿಂತಿತ್ತು. ಜಿಪ್ ಎಳೆದು ನೋಡಿದ. ಖಾಲಿ. ಅದರ ಪಕ್ಕ ಮಡಚುವ ಕುರ್ಚಿಯಲ್ಲಿ ಸಿದ್ದಬಸಪ್ಪ ಒಬ್ಬರೇ ಕೂತಿದ್ದರು.

“ನಿಖಿತಾ ಎಲ್ಲಿ?”

“ಹೋದ್ಲು.”

“ಎಲ್ಲಿಗೆ ಭಾವಾ? ಆ ಅಂಗಡಿಯವನೆಲ್ಲಿ?”

“ಅಭಿನವ್ ಅಂತ ಅವನ ಹೆಸರು. ಅವನ ಜೊತೇನೇ ಹೋದ್ಲು.” ಸಿದ್ದಬಸಪ್ಪ ಬಗ್ಗಿ ನೆಲದ ಮೇಲಿದ್ದ ಗುಂಡಿ ಎತ್ತಿಕೊಂಡರು. “ಹುಡುಗನ್ನ ನಾನೇ ನೋಡಿ, ಮಾತಾಡ್ಸಿ, ಆಮೇಲೇ ಒಪ್ಪೋದು ಅಂದಿದ್ದೆ. ನೀನು ಕಾಲರ್ ಹಿಡಿದ್ರೂ ತಡ್ಕೊಂಡ. ಒಪ್ಪಿದೆ.”

ರುದ್ರಮುನಿ ಟೆಂಟನ್ನು ಒದ್ದ. ಅದು ಬಗ್ಗಿ ಮತ್ತೆ ನೆಟ್ಟಗಾಯಿತು. ಭಾವನಿಗೆ ತಲೆ ಕೆಟ್ಟಿರಬಹುದು, ಆ ಮನೆಯಲ್ಲಿ ತನ್ನ ಮಾತು ಕೇಳುವ ಜೀವ ಇನ್ನೊಂದಿದೆ. ಅವನು ಅಕ್ಕನಿಗೆ ಫೋನ್ ಮಾಡಿದ.

“ಅಕ್ಕಾ, ಭಾವ ಮೋಸ ಮಾಡಿದ್ರು. ನಿಖಿತಾ ಬಟ್ಟೆಬರೆಗೆ ಅಂತ ಮನೆಗೆ ಬಂದೇ ಬರ್ತಾಳೆ. ಬಾಗಿಲು ಹಾಕಿ ಕೂಡ್ಹಾಕು. ನಾನು ಹುಡುಗರನ್ನ ಕರ್ಕೊಂಡು ಬರ್ತೀನಿ.”

“ನಾನು ಮನೇಲಿಲ್ಲ ಕಣೋ” ಎಂದಳು ಕಲ್ಯಾಣಮ್ಮ. “ಮದುವೆ ನೋಂದಣಿ ಕಚೇರೀಲಿ, ಸಾಕ್ಷಿ ಸಹಿ ಹಾಕೋಕೆ ಕಾಯ್ತಾ ಕೂತಿದೀನಿ.”