ತಂತಿಗೆ ಕಾಲುಮಣೆ

"ತಂತಿ ನೆಲಕ್ಕೆ ತಾಗಬಾರದಂತೆ. ತಾಗಿದರೆ ಹಾಡು ಮಸುಕಾಗುತ್ತಂತೆ," ಎನ್ನುತ್ತ ಗಂಡ ಮಂಡಿಯೂರಿ ಕೂತು, ಸ್ಪೀಕರಿನ ತಂತಿಯ ಕೆಳಗೆ ಪುಟ್ಟ ಮರದ ತುಂಡುಗಳನ್ನು ಒಂದೊಂದಾಗಿ ಇಡುತ್ತಿದ್ದ.

"ತಾಗಿದರೆ ಅದಕ್ಕೇನು ಶೀತ ಆಗುತ್ತಾ?" ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಹೋದ ಸಲ ಆಂಪ್ಲಿಫೈಯರ್ ಮೇಲೆ ಕಲ್ಲು ಹೇರಿದಿರಿ. ಈಗ ತಂತಿಗೆ ಕಾಲುಮಣೆ. ಇನ್ನು ಹೊದಿಕೆಯೊಂದು ಬಾಕಿ."

"ನಗು, ನಗು. ನಿನ್ನ ನಾದಿನಿಯೂ ಹೀಗೇ ನಕ್ಕಳು. ಅತ್ತಿಗೆ ಕಣ್ಣು ಕಟ್ಟಿಕೊಂಡು ಕೇಳಿ ಹೇಳಲಿ, ಆಗ ನಂಬ್ತೀನಿ ಅಂದಿದ್ದಾಳೆ. ಇನ್ನೇನು ಫೋನ್ ಮಾಡ್ತಾಳೆ. ಬಾ, ಕೂತ್ಕೋ."

ಅವಳ ಕೈ ನಿಂತಿತು. ಕೆಲವು ತಿಂಗಳ ಹಿಂದೆ ಕೆಟ್ಟ ಜ್ವರ ಬಂದು ಹೋದಾಗಿನಿಂದ ಅವಳ ಎಡಗಿವಿ ಕೇಳಿಸುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ತವರಿನಲ್ಲಿ ಅಜ್ಜಿಗೆ ಕಿವಿ ಮಂದವಾದ ಮೇಲೆ, ಆಕೆ ಎದುರಿಗೇ ಕೂತಿದ್ದರೂ ಇಲ್ಲವೇ ಇಲ್ಲವೆಂಬಂತೆ ಎಲ್ಲರೂ ಮಾತಾಡಿಕೊಳ್ಳುತ್ತಿದ್ದುದನ್ನು ಅವಳು ನೋಡಿದ್ದಳು. ಹಾಗಾಗಿ ಎದುರಿನವರ ತುಟಿ ನೋಡುತ್ತ, ಅಂದಾಜಿನ ಮೇಲೆ 'ಹೂಂ' ಅನ್ನುತ್ತ ದಿನ ದೂಡುತ್ತಿದ್ದಳು. ಈಗಲೂ ಏನೇ ಕೇಳಿಸಿದರೂ 'ವ್ಯತ್ಯಾಸವಿಲ್ಲ' ಅಂದುಬಿಟ್ಟರಾಯಿತು. ಮರದ ತುಂಡಿನ ಮಟ್ಟಿಗೆ ಅದು ಹೇಗೂ ನಿಜವೇ!

ಟವೆಲ್ಲಿನಿಂದ ಅವಳ ಕಣ್ಣು ಕಟ್ಟಿ ಅವನು ಹಾಡು ಹಾಕಿದ. ಹಾಡುವವಳ ದನಿ ಬಂತು. ಎಡ ಸ್ಪೀಕರಿನ ಕೊಳಲು ಮಾತ್ರ ಈಚಿನ ದಿನಗಳಲ್ಲಿನಂತೆ ಪಕ್ಕದ ಮನೆಯಲ್ಲೆಲ್ಲೋ ಇದ್ದಂತಿತ್ತು.

"ಇದು ಒಂದನೇ ಸಲ. ತಡಿ." ಏನೋ ಭಾರದ್ದು ಜರುಗಿದ ಸದ್ದು.

"ಅಂಗೈಯಗಲದ ತುಂಡಿಗೆ ಇಷ್ಟು ಏದುಸಿರಾ?" ಅಂದಳು.

ಹಾಡು ಮತ್ತೆ ಶುರುವಾಯಿತು. ಕೊಳಲು ಬಂತು. ಊದುವವನು ನಡುನಡುವೆ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಹೇಳಬೇಕೆಂದುಕೊಂಡಿದ್ದ ಮಾತು ಮರೆತೇಹೋಯಿತು. "ಬಂತು ರೀ, ಕೊಳಲು ಬಂತು!"

ಟವೆಲ್ ಕಿತ್ತು ನೋಡಿದಳು. ಮರದ ತುಂಡುಗಳೆಲ್ಲ ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಎಡಗಡೆಯ ಸ್ಪೀಕರ್ ಅವಳ ಬಲಗಿವಿಯ ಪಕ್ಕಕ್ಕೆ ಬಂದು ನಿಂತಿತ್ತು. ತಂತಿ ಉದ್ದಕ್ಕೂ ನೆಲದ ಮೇಲೇ ಬಿದ್ದಿತ್ತು.

"ಯಾವಾಗ ಗೊತ್ತಾಯ್ತು?"

"ನೀನು ಮಲಗೋ ಮಗ್ಗುಲು ಬದಲಾಯಿಸಿದಾಗ. ಬಲಗಿವಿ ಯಾವಾಗಲೂ ಮೇಲೇ ಇರುತ್ತಿತ್ತು." ಅವನು ಬೆವರು ಒರೆಸಿಕೊಂಡ. "ನೀನಾಗೇ ಹೇಳ್ತೀಯ ಅಂತ ಕಾದೆ. ನೀನು ಹೇಳಲಿಲ್ಲ, ನನಗೆ ಕೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಕಲ್ಲು, ಕಟ್ಟಿಗೆ, ಯಾರು ಏನು ಹೇಳಿದರೂ ತಂದೆ. ಯಾವುದರಿಂದಾದರೂ ನಿನಗೆ ಕೊಳಲು ಕೇಳಿಸಲಿ ಅಂತ."

ಅಷ್ಟರಲ್ಲಿ ಫೋನ್ ಬಂತು. "ಅತ್ತಿಗೆ, ಅಣ್ಣನ ಮುಖ ನೋಡಬೇಡಿ, ನಿಜ ಹೇಳಿ. ಆ ಕಟ್ಟಿಗೆ ಏನಾದ್ರೂ ಕೆಲಸ ಮಾಡ್ತಾ?"

"ಮೊದಲು ಇನ್ನೊಂದು ನಿಜ ಕೇಳಮ್ಮ. ನನ್ನ ಎಡಗಿವಿ ಕೇಳಿಸಲ್ಲ," ಅಂದಳು. ಇಷ್ಟು ಸಲೀಸಾಗಿ ಬಂತಲ್ಲ ಮಾತು ಎಂದು ಅವಳಿಗೇ ಅಚ್ಚರಿಯಾಯಿತು. ಅವನು ಮರದ ತುಂಡುಗಳನ್ನು ಕಸದ ಬುಟ್ಟಿಗೆ ಹಾಕಲು ಬಾಚಿಕೊಳ್ಳುತ್ತಿದ್ದ. ಅವಳು ಕೈ ಚಾಚಿ ತಡೆದಳು.

"ಇನ್ನು ಆ ಕಟ್ಟಿಗೆ ತಾನೇ? ಕೆಲಸ ಮಾಡಿತು ಕಣೇ. ತುಂಬಾ ಚೆನ್ನಾಗಿ ಮಾಡಿತು."