ಮಣಿಯ ನವಿಲು

ಹೊಸ ಬಾಡಿಗೆ ಮನೆಯ ಗೋಡೆಗೆ ಏನಾದರೂ ಸಿಕ್ಕೀತೆಂದು ವಿಜಯನಗರದ ಗುಜರಿ ಅಂಗಡಿಯಲ್ಲಿ ಹುಡುಕುತ್ತಿದ್ದ ಇಂದ್ರಮ್ಮನ ಕೈಗೆ ಮಣಿ ಪೋಣಿಸಿದ ನವಿಲಿನ ಪಟ ಬಂತು. ಕೆಳಗೆ ಕೆಂಪು ಮಣಿಯಲ್ಲಿ 'ಅಂಜನ' ಎಂದಿತ್ತು. ಮದುವೆಗೆ ಮುಂಚೆ ಅವಳ ಅಕ್ಕ ಅಂಜನಮ್ಮ ಕೂತು ಮಾಡಿದ ಪಟ.

"ಕೆಂಗೇರಿ ಉಪನಗರದ ಮನೆಯದಮ್ಮ. ಮಂಚ, ಬೀರು ಎಲ್ಲಾ ಹೋದ ತಿಂಗಳೇ ಬಂತು," ಅಂದ ಅಂಗಡಿಯವನು.

ಬಸುರಿ ಇಂದ್ರಮ್ಮನಿಗೆ ಈಚೆಗೆ ಅವರೆಕಾಳು ಉಪ್ಪಿಟ್ಟಿನದೇ ಬಯಕೆ. ಮೊನ್ನೆಯಷ್ಟೇ ಅಕ್ಕ ಡಬ್ಬಿ ತುಂಬ ತಂದು, ಎದುರಿಗೆ ಕೂತು ತಿನ್ನಿಸಿದ್ದಳು. ತಾನು ಮಾತ್ರ ಹೊಟ್ಟೆ ತುಂಬಿದೆ ಅಂತ ಒಂದು ತುತ್ತೂ ಮುಟ್ಟಿರಲಿಲ್ಲ. ಅದು ನೆನಪಾಗಿ ಇಂದ್ರಮ್ಮ ಪಟವನ್ನು ಅಲ್ಲೇ ಬಿಟ್ಟು ಕೆಂಗೇರಿ ಬಸ್ಸು ಹತ್ತಿದಳು.

ಅರ್ಧ ಬಾಗಿಲು ತೆಗೆದ ಅಂಜನಮ್ಮ ಅಡ್ಡ ನಿಂತಳು. "ಒಳಗೆ ಸುಣ್ಣ ಹೊಡೀತಿದಾರೆ ಕಣೇ. ಇನ್ನೊಂದಿನ ಬಾ."

ಸುಣ್ಣದ ವಾಸನೆಯೇ ಇರಲಿಲ್ಲ. ಇಂದ್ರಮ್ಮ ಚಪ್ಪಲಿ ಬಿಟ್ಟು, ಅಕ್ಕನ ತೋಳು ಸರಿಸಿ ಒಳಗೆ ಹೋದಳು. ಖಾಲಿ ನಡುಮನೆಯಲ್ಲಿ ಒಂದು ಚಾಪೆ ಬಿಟ್ಟರೆ ಏನೂ ಇಲ್ಲ.

"ಭಾವ ಎಲ್ಲಿ ಅಕ್ಕಾ?"

ಅಂಜನಮ್ಮ ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು. "ಎಲ್ಲಾ ಮಾರ್ಕೊಂಡು ಹೊರಟೋದ್ರು ಕಣೇ. ಬಸುರಿ ಹೆಂಗಸಿಗೆ ಹೆಂಗೆ ಹೇಳೋದು ಅಂತ ಸುಮ್ನಿದ್ದೆ."