ಪ್ರೊಸೆಸರ್ ಬದಲಾಯಿಸಿದ ಮೇಲೆ

"ಎದುರಿಗೇ ನಿಂತಿದ್ನಲ್ಲೋ ಅವ್ನು! ಹೊಡೆಯೋ ಅಂದ್ರೆ ನಿದ್ದೆ ಹೊಡೀತಿದ್ಯಾ?" ಹೆಡ್‌ಫೋನಿನಲ್ಲಿ ಜೊತೆಗಾರ ಕರ್ಟಿಸ್ ರೇಗಿದ. ಆರ್ವೋ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದ. ಅವರ ಗೇಮಿಂಗ್ ತಂಡದಲ್ಲಿ ಯಾವಾಗಲೂ ಮೊದಲ ಗುಂಡು ಅವನದೇ. ಈ ಚಳಿಗಾಲ ಎಲ್ಲರಿಗಿಂತ ಮೊದಲು ಸಾಯುವವನೂ ಅವನೇ ಆಗಿದ್ದ.

"ಗ್ರಾಫಿಕ್ಸ್ ಕಾರ್ಡ್ ಹೊಸದು ಕಣೇ. ಆದ್ರೂ ಎಲ್ಲಾ ತಡ, ಎಲ್ಲಾ ತಡ," ಎಂದ, ಆಗಷ್ಟೇ ಬಾಗಿಲು ತೆರೆದ ತಂಗಿ ಐಲಿಗೆ.

ಅವಳು ಥಂಡರ್ ಬೇ ಊರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುವವಳು. ಬೂಟಿನ ಹಿಮ ಕೊಡವಿ ಒಳಗೆ ಬಂದು, ಆ ಊರಿನವರು ಪರ್ಷಿಯನ್ ಅನ್ನುವ ಸಿಹಿ ಬನ್ನಿನ ಪೊಟ್ಟಣ ಅವನ ಮಡಿಲಿಗೆ ಹಾಕಿ, ಕುರ್ಚಿ ಎಳೆದುಕೊಂಡಳು. ಗೇಮ್ ಓಡುತ್ತಿರುವಾಗಲೇ ಪರದೆಯ ಮೂಲೆಯ ಅಂಕಿಗಳನ್ನು ನೋಡಿದಳು.

"ಕಾರ್ಡ್ ಅರ್ಧಕ್ಕರ್ಧ ಸುಮ್ನೆ ಕೂತಿದೆ. ಪ್ರೊಸೆಸರ್ ಪಾಪ ಏದುಸಿರು ಬಿಡ್ತಿದೆ. ಮುಂದೇನು ಅಂತ ಅದು ಹೇಳೋವರೆಗೂ ಕಾರ್ಡ್ ಕಾಯ್ಬೇಕು ಕಣೋ."

"ಹಾಗಾದ್ರೆ ತಪ್ಪು ನಂದಲ್ಲ?"

"ನಿಂಗೆ ಆಟ ಬರಲ್ಲ, ಅದು ಬೇರೆ ವಿಷಯ."

ಆರ್ವೋ ಜೋರಾಗಿ ನಕ್ಕ. ಅವನು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಮುಂದಿನ ಭಾನುವಾರ ಅವಳು ಹೊಸ ಪ್ರೊಸೆಸರ್ ತಂದಳು. ತಾನೇ ಕೂರಿಸುತ್ತೇನೆಂದು ಹಟ ಹಿಡಿದ ಆರ್ವೋ ಒಂದು ಸ್ಕ್ರೂ ಬೀಳಿಸಿದ, ಹೆಕ್ಕಿ ಮತ್ತೆ ಬೀಳಿಸಿದ. "ಕೊಡಿಲ್ಲಿ, ಚಳಿಗೆ ಕೈ ಮರಗಟ್ಟಿದೆ ನಿಂಗೆ," ಎಂದಳು ಐಲಿ. ಕೋಣೆಯಲ್ಲಿ ಹೀಟರ್ ಧಗಧಗ ಉರಿಯುತ್ತಿತ್ತು.

ಗೇಮ್ ಶುರುವಾಯಿತು. ಚಿತ್ರ ನೀರಿನಂತೆ ಹರಿಯಿತು, ಎಲ್ಲೂ ತಡೆಯಲಿಲ್ಲ. ಆರ್ವೋ ಮೊದಲ ತಿರುವಿನಲ್ಲೇ ಸತ್ತ. ಮತ್ತೆ ಆಡಿದ, ಮತ್ತೆ ಸತ್ತ. ಆಮೇಲಿನ ಆಟದಲ್ಲಿ ಗೋಡೆಯ ಮರೆಯಿಂದ ಶತ್ರು ಹೊರಬಂದದ್ದು ಅವಳಿಗೂ ಸ್ಪಷ್ಟವಾಗಿ ಕಂಡಿತು. "ಅಗೋ!" ಎಂದು ಅವನೇ ಕೂಗಿದ. ಬೆರಳು ಒತ್ತಿದ್ದು ಆಮೇಲೆ.

"ಇಂಟರ್ನೆಟ್ ನಿಧಾನ ಇರ್ಬೇಕು," ಎಂದಳು ಐಲಿ. "ಇಲ್ಲಾ ಮೌಸು. ಹಳೇದಾಯ್ತಲ್ಲ."

ಅವನು ಮೌಸ್ ಬಿಟ್ಟು ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಹೆಬ್ಬೆರಳ ಬುಡದಲ್ಲಿ ಮಾಂಸ ಕರಗಿ ಗುಳಿ ಬಿದ್ದಿತ್ತು. ಚರ್ಮದ ಕೆಳಗೆ ಏನೋ ತಾನಾಗಿಯೇ ಮಿಡುಕುತ್ತಿತ್ತು.

"ಅಪ್ಪ ಹಿಮ ತಳ್ಳೋ ಲಾರಿ ಓಡಿಸ್ತಿದ್ದಾಗ, ಗೇರ್ ಬೀಳ್ತಿಲ್ಲ ಅಂತ ಗೇರ್‌ಬಾಕ್ಸನ್ನೇ ಬದಲಾಯಿಸಿದ್ದ. ನೆನಪಿದ್ಯಾ?"

ಅವಳಿಗೆ ನೆನಪಿತ್ತು. ಗೇರ್‌ಬಾಕ್ಸ್ ಆದ ಮೇಲೆ ಕ್ಲಚ್ಚು, ಅದಾದ ಮೇಲೆ ಕೈಗವಸು. ಕೊನೆಗೆ ಡಾಕ್ಟರು ನರದ ಕಾಯಿಲೆ ಎಂದಿದ್ದರು, ಮಕ್ಕಳಿಗೂ ಬರಬಹುದಾದದ್ದು ಎಂದಿದ್ದರು. ಅಪ್ಪ ಸಾಯುವವರೆಗೂ ಅವನ ಬಾಯಿಗೆ ಚಮಚ ಹಿಡಿದವಳು ಐಲಿಯೇ.

"ನಾಳೆ ಡಾಕ್ಟರ್ ಹತ್ರ ಹೋಗೋಣ," ಎಂದಳು.

"ಹೋಗೋಣ." ಅವನು ಪರದೆ ಆರಿಸಿ ಅವಳ ಕಡೆ ತಿರುಗಿದ. "ಎಲ್ಲಿ ಐಲಿ, ನಿನ್ನ ಕೈ ತೋರಿಸು."

ಐಲಿ ಎರಡೂ ಕೈಗಳನ್ನು ಸ್ವೆಟರಿನ ತೋಳೊಳಗೆ ಎಳೆದುಕೊಂಡಳು.